ಸಾವಿತ್ರಿ ‘ಹಿಡಿ’ ಅಂದಾಗ

ವಿಜಯಪುರದ ನನ್ನ ಬಾಡಿಗೆ ಕೋಣೆಯ ಪಕ್ಕದ ಮನೆಯಲ್ಲಿ ಕಡಲೆಬೇಳೆ ಬೇಯುತ್ತಿದೆ. ಹೋಳಿಗೆ ಇರಬೇಕು. ಆ ವಾಸನೆಗೆ ಬೇರೆಯವರ ಬಾಯಲ್ಲಿ ನೀರೂರಿದರೆ, ನಾನು ಎದ್ದು ನೆಲ ನೋಡುತ್ತೇನೆ, ಎಲ್ಲಾದರೂ ಕೂಸು ಹರಿದಾಡುತ್ತಿದೆಯೇ ಎಂದು. ನನ್ನ ಕೋಣೆಯಲ್ಲಿ ಕೂಸೂ ಇಲ್ಲ, ಒಲೆಯೂ ಇಲ್ಲ. ಎಂ.ಎ. ಓದಿದವಳ ಧೈರ್ಯ ಇಷ್ಟೇ, ನೋಡಿ.

ಸಿಂದಗಿಯ ಸಾವಿತ್ರಿ ಮತ್ತು ನಾನು ಪಿಯುಸಿಯಲ್ಲಿ ಒಂದೇ ಬೆಂಚಿನವರು. ಮೇಷ್ಟ್ರು ಇತಿಹಾಸ ಹೇಳುವಾಗ ಅವಳು ಊಟದ ಡಬ್ಬಿಯ ಬಗ್ಗೆ ಯೋಚಿಸುತ್ತಿದ್ದಳು. ಪಾಸಾದ ವರ್ಷವೇ ಮದುವೆ. ಹತ್ತೊಂಬತ್ತಕ್ಕೆ ಮಗ ಮಲ್ಲು. ಗಂಡ ಟಂಟಂ ಆಟೋ ಓಡಿಸುತ್ತಾನೆ, ಮನೆ ನಡೆಸುವವರು ಅತ್ತೆ. ಡಿಗ್ರಿ ಓದುತ್ತಿದ್ದ ನಾನು ಶನಿವಾರ ಕಾಲೇಜು ಮುಗಿಸಿ ನೇರ ಅಲ್ಲಿಗೆ ಹೋಗುತ್ತಿದ್ದೆ. ಗೆಳೆತನಕ್ಕಾಗಿ ಎಂದು ಹೇಳಿಕೊಳ್ಳಬಹುದು. ಅವಳ ಎಣ್ಣಗಾಯಿಗಾಗಿ ಎಂದರೂ ತಪ್ಪಿಲ್ಲ.

“ಬಂದ್ಲು ನೋಡ್ರಿ ಅತ್ತಿ, ಬಿಸಿ ರೊಟ್ಟಿ ವಾಸನಿ ಹಿಡ್ಕೊಂಡು,” ಎನ್ನುತ್ತಿದ್ದಳು.

ಮಡಿಚಿದ ಕಾಲ ಮೇಲೆ ಕೂಸು, ಮುಂದೆ ರೊಟ್ಟಿ ಬಡಿತ. ಆ ಸದ್ದಿಗೇ ಮಲ್ಲು ನಿದ್ದೆ ಹೋಗುತ್ತಿದ್ದ, ನಿಂತರೆ ಏಳುತ್ತಿದ್ದ. ಹೀಗಾಗಿ ಆ ಮನೆಯಲ್ಲಿ ಯಾವಾಗಲೂ ಬೇಕಾದ್ದಕ್ಕಿಂತ ಹೆಚ್ಚು ರೊಟ್ಟಿ. ಮಿಕ್ಕದ್ದು ಓಣಿಗೆ ಹಂಚಿಹೋಗುತ್ತಿತ್ತು. ಅವಳ ಕೈರುಚಿ ಊರಿಗೆ ಗೊತ್ತಾದದ್ದು ಹಾಗೆ.

ಒಂದು ದಿನ ಹಿಂದಿನ ಓಣಿಯವರು ಕುಬಸದ ಊಟಕ್ಕೆ ಹೋಳಿಗೆ ಮಾಡಿಕೊಡಲು ಕೇಳಿದರು. ಬಸುರಿಗೆ ಉಡಿ ತುಂಬುವ ದಿನದ ಹೋಳಿಗೆ. ಸುಮ್ಮನೆ ಯಾರಿಗೂ ಒಪ್ಪಿಸುವಂಥದಲ್ಲ. ಅತ್ತೆ ಅರೆಮನಸ್ಸಿನಿಂದ, “ಮಾಡು. ಹೆಚ್ಚುಕಡಿಮಿ ಆತಂದ್ರ ಇದ ಕಡೀದು,” ಎಂದರು. ಆ ಖುಷಿಗೆ ಸಾವಿತ್ರಿ ನೆಲದ ಮೇಲೆ ನಡೆದಂತೆ ನನಗೆ ನೆನಪಿಲ್ಲ.

ಕುಬಸದ ದಿನ ಶನಿವಾರ. ಅತ್ತೆ ಹಿಟ್ಟಿನ ಗಿರಣಿಗೆ ಹೋಗಿದ್ದರು. ಹೂರಣಕ್ಕೆ ಬೇಳೆ ಬೆಂದಿತ್ತು. ಅದರ ಕುದಿನೀರು ಬಸಿಯಬೇಕು. ಸಾರಿಗೆ ಬರುವ ಕಟ್ಟು ಅದೇ. ಸಾವಿತ್ರಿ ನೆಲದ ಒಲೆಯಿಂದ ದೊಡ್ಡ ಬೋಗುಣಿಯನ್ನು ಮಸಿಬಟ್ಟೆಯಲ್ಲಿ ಎತ್ತಿ ಬಾಗಿಸಿದಳು. ನಾನು ಎದುರಿಗೆ ಬೆಲ್ಲ ಕುಟ್ಟುತ್ತಿದ್ದೆ. ಹಿಂದೆ ಮಲಗಿದ್ದ ಮಲ್ಲು ಯಾವಾಗ ಎದ್ದನೋ, ಹರಿದುಬಂದು ಅವಳ ಸೀರೆಯ ನೆರಿಗೆ ಹಿಡಿದ. ಬಾಗಿದ ಬೋಗುಣಿಯ ನೇರ ಕೆಳಗೆ. ಅವಳು ಬೆಚ್ಚಿದ್ದಕ್ಕೆ ಒಂದು ಕೈಯ ಬಟ್ಟೆ ಜಾರಿತು. ಅವಳು ಕೂಗಲಿಲ್ಲ.

“ಹಿಡಿ,” ಎಂದಳು. ಅಷ್ಟೇ.

ನಾನು ಕೂಸನ್ನು ಎಳೆದುಕೊಂಡು ಹಿಂದಕ್ಕೆ ಬಿದ್ದೆ, ಬೆಲ್ಲದ ಪರಾತದ ಮೇಲೆ. ನಾವಿಬ್ಬರೂ ದೂರ ಸರಿಯುವವರೆಗೆ ಅವಳು ಬರಿಗೈಯಲ್ಲಿ ಆ ಬೋಗುಣಿಯನ್ನು ಹಿಡಿದೇ ನಿಂತಿದ್ದಳು. ಆಮೇಲೆ ಮೆಲ್ಲಗೆ ಕೆಳಗಿಟ್ಟಳು.

ಬಚ್ಚಲಲ್ಲಿ ಅಂಗೈಗೆ ನೀರು ಹಾಕುವಾಗ ಅವಳಿಗೆ ನಗು ಬಂತು. “ಹುಚ್ಚಿ, ನಾ ಬೋಗುಣಿ ಹಿಡಿ ಅಂದಿದ್ದೆ.”

“ಮತ್ತ ಕೂಸು?”

“ಕೂಸು ನಾ ಎತ್ಕೊತಿದ್ದೆ.”

ಅವಳ ಮಾತು ಸರಿಯಾಗಿ ಅರ್ಥವಾಗಿದ್ದರೆ? ಆ ಕಾದ ಅಂಚನ್ನು ನನ್ನ ಕೈ ಬಿಟ್ಟೇಬಿಡುತ್ತಿತ್ತು. ಈ ಯೋಚನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಅತ್ತೆ ಬಂದು ಎಲ್ಲ ಕೇಳಿದರು. “ಮುಗೀತು. ಹೊರಗಿನ ಅಡಗಿ ಬಂದ್.”

ಸಾವಿತ್ರಿ ನೀರಿನಿಂದ ಕೈ ತೆಗೆಯದೆ ಹೇಳಿದಳು: “ಇಲ್ರಿ ಅತ್ತಿ. ಅಡಗಿ ಮಾಡೂದೂ ನಾನ, ಕೂಸು ನೋಡೂದೂ ನಾನ. ಎರಡೂ ನಾನ ಮಾಡೂದು ಬಂದ್ ಮಾಡೂಣ್ರಿ.”

ನಾನು ಗೋಡೆ ನೋಡಿದೆ. ಆ ಮನೆಯಲ್ಲಿ ಅವಳ ಬಾಯಿಂದ ‘ಇಲ್ರಿ’ ಕೇಳಿದ್ದು ಅದೇ ಮೊದಲು. ಅತ್ತೆ ಮಲ್ಲುವನ್ನು ಎತ್ತಿಕೊಂಡು ಅವನಿಗೇ ಹೇಳಿದರು: “ನಿಮ್ಮವ್ವಗ ಬಾಯಿ ಭಾಳ ಆಗೈತಿ.” ಆಮೇಲೆ ನನ್ನತ್ತ ಗದ್ದ ಎತ್ತಿ, “ಹೂರಣ ಯಾರು ರುಬ್ಬಾವ್ರು, ಈಕೇನು?”

ರುಬ್ಬಿದೆ. ಕುಬಸದವರು ಕೈ ನೆಕ್ಕಿಕೊಂಡು ಉಂಡರು.

ಈಗ ದೂರದ ದೇವರ ಹಿಪ್ಪರಗಿಯಿಂದಲೂ ಹೋಳಿಗೆ ಕೇಳಿ ಅವಳಿಗೆ ಫೋನು ಬರುತ್ತದೆ. “ಆಕಿ ನನ್ನ ಗೆಳತಿ” ಎಂದು ಕೇಳದವರಿಗೂ ನಾನು ಹೇಳಿಕೊಂಡು ತಿರುಗುತ್ತೇನೆ. ಹೋದ ಶನಿವಾರ ಹೋದಾಗ ಬೇಳೆ ಬೆಂದಿತ್ತು. ಅತ್ತೆ, ಈಗ ಓಡಾಡುವಷ್ಟಾದ ಮಲ್ಲುವನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಿಗೆ ಅಡ್ಡ ಕೂತಿದ್ದರು. ಸಾವಿತ್ರಿಯ ಕಿವಿಗೆ ಫೋನು. ಮಸಿಬಟ್ಟೆಯನ್ನು ನನ್ನ ಕಡೆ ಎಸೆದು ಕಣ್ಣಲ್ಲೇ ಬೋಗುಣಿ ತೋರಿಸಿದಳು. ಒಮ್ಮೆ ನೆಲ ನೋಡಿಕೊಂಡೆ. ಎತ್ತಿದೆ, ಬಾಗಿಸಿದೆ, ಹಬೆ ಮುಖಕ್ಕೆ ಬಡಿಯಿತು. ಅವಳು ಇತ್ತ ತಿರುಗಿಯೂ ನೋಡಲಿಲ್ಲ. ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು:

“ಆಗ್ತೈತ್ರಿ. ನಾ ಒಬ್ಬಾಕೀ ಅಲ್ರಿ, ನಾವು ಮೂರು ಮಂದಿ ಅದೇವಿ.”