ವರ್ಲಿನ್‌ನ ಜಗಲಿಗೆ ಹೊತ್ತು ತಂದವರು

ವರ್ಲಿನ್ ಸ್ಟ್ಯಾಂಪರ್ ಮೂವತ್ತು ವರ್ಷ ಓಹಿಯೊ ನದಿಯ ಸರಕು ದೋಣಿಗಳಲ್ಲಿ ಕಲ್ಲಿದ್ದಲು ಸಾಗಿಸಿದ. ಬೆನ್ನು ಮುರಿದಾಗ ವೈದ್ಯರು ಕೊಟ್ಟ ನೋವಿನ ಮಾತ್ರೆಯ ಚಟ ಅವನನ್ನು ಬಿಡಲಿಲ್ಲ. ಮಾತ್ರೆ ಸಿಗದಾದಾಗ ಅಮಲಿನ ಪುಡಿ ಹಿಡಿದ. ನಾನು ಗ್ರಂಥಾಲಯದಿಂದ ತಂದುಕೊಟ್ಟ ಪುಸ್ತಕಗಳ ಕೊನೆಯ ಪುಟವನ್ನೇ ಮೊದಲು ಓದುತ್ತಿದ್ದ. "ಯಾರು ಸಾಯ್ತಾರೆ ಅಂತ ಮೊದ್ಲೇ ಗೊತ್ತಿದ್ರೆ ಬೇಜಾರಾಗಲ್ಲ ಕಣೇ."

ನಮ್ಮ ಬೀದಿಯಲ್ಲಿ ಸ್ವಂತ ಮನೆಯಿದ್ದವನು ಅವನೊಬ್ಬನೇ, ತಾಯಿ ಸಾಯುವಾಗ ಬಿಟ್ಟುಹೋದದ್ದು. ಅದು ಸಣ್ಣ ಸಂಗತಿಯಲ್ಲ. ಅಮಲೇರಿ ಉಸಿರು ನಿಂತವರಿಗಾಗಿ ಆಂಬುಲೆನ್ಸ್ ಕರೆದರೆ, ಕರೆದವರ ಮೇಲೂ ಬಿದ್ದವರ ಮೇಲೂ ಕೇಸು ಹಾಕಬಾರದೆಂದು ಕಾನೂನು ಬಂದಿತ್ತು. ಜೈಲಿನ ಭಯ ಹೋಯಿತು. ಆದರೆ ನಮ್ಮ ನಗರಸಭೆಗೆ ಇನ್ನೊಂದು ನಿಯಮವಿತ್ತು: ಪದೇ ಪದೇ ಆಂಬುಲೆನ್ಸ್ ಬಂದರೆ ಅದು ಪೀಡೆಯ ಮನೆ. ದಂಡ ಮಾಲೀಕನಿಗೆ; ಅವನು ಬಾಡಿಗೆದಾರನನ್ನು ಬೀದಿಗೆ ಹಾಕುತ್ತಿದ್ದ. ಹಾಗಾಗಿ ಯಾರು ಎಲ್ಲೇ ಬಿದ್ದರೂ ಮೊದಲು ವರ್ಲಿನ್‌ನ ಜಗಲಿಗೆ ಹೊತ್ತು ತರುತ್ತಿದ್ದರು. ಫೋನ್ ಆಮೇಲೆ.

"ತನ್ರಪ್ಪ, ತನ್ನಿ. ದಂಡ ಹಾಕಿದ್ರೆ ಹಾಕ್ಲಿ, ನನ್ನನ್ನ ಯಾವನು ಓಡಿಸ್ತಾನೆ? ಅಮ್ಮನೇ ಎದ್ದು ಬರ್ಬೇಕು," ಎನ್ನುತ್ತಿದ್ದ. ಬಾಗಿಲ ಪಕ್ಕ ಒಂದು ಹಳೆ ಕಂಬಳಿ, ಅಮಲಿಳಿಸಿ ಉಸಿರು ಮರಳಿಸಲು ಮೂಗಿಗೆ ಸಿಂಪಡಿಸುವ ಔಷಧಿ. ಹತ್ತೊಂಬತ್ತು ಜನ ಅಲ್ಲಿ ಕಣ್ಣುಬಿಟ್ಟರು. ಎಲ್ಲರಿಗೂ ಒಂದೇ ಬೈಗುಳ: "ನನ್ನ ಕಾಫಿ ಆರಿಹೋಯ್ತಲ್ಲೋ, ಮುಠ್ಠಾಳ!"

ಮಾರ್ಚ್‌ನ ಒಂದು ಬೆಳಿಗ್ಗೆ ನನ್ನ ಅಡುಗೆಮನೆಯ ನಲ್ಲಿ ರಿಪೇರಿಗೆ ಬಂದ. ಆಮೇಲೆ ಬಚ್ಚಲಿಗೆ ಹೋದವನು ಹೊರಗೆ ಬರಲಿಲ್ಲ. ಬಾಗಿಲು ನೂಕಿ ನೋಡಿದರೆ ಪುಡಿಯ ಅಮಲಿನಲ್ಲಿ ಬಿದ್ದಿದ್ದಾನೆ, ತುಟಿ ನೀಲಿ. ನಾನು ಫೋನ್ ಎತ್ತಿಕೊಂಡೆ. ನನ್ನ ಕೂಗಿಗೆ ಓಡಿಬಂದ ಪಕ್ಕದ ಮನೆಯ ಕಾನಿ ಕೈ ಹಿಡಿದಳು.

"ಇಲ್ಲಿಂದ ಮಾಡ್ತೀಯೇನೆ? ಮಾಲೀಕನ ಪತ್ರ ಬಂದು ವಾರ ಆಗಿಲ್ಲ. ಈ ಕಟ್ಟಡಕ್ಕೆ ಇನ್ನೊಂದ್ ಸಲ ಆಂಬುಲೆನ್ಸ್ ಬಂದ್ರೆ ಮಕ್ಕಳನ್ನ ಕರ್ಕೊಂಡು ಎಲ್ಲಿಗೆ ಹೋಗ್ತೀಯ?"

"ಉಸಿರೇ ಇಲ್ಲ ಕಣೇ!"

"ಅವನ ಜಗಲಿ ಆರೇ ಮನೆ ಆಚೆ. ಔಷಧಿನೂ ಅಲ್ಲೇ ಇದೆ. ಕಾಲು ಹಿಡ್ಕೋ."

ಹಿಡಿದೆ. ಹಾಸಿಗೆ ಬಟ್ಟೆಯಲ್ಲಿ ಮಲಗಿಸಿ ಎರಡು ಮಹಡಿ ಇಳಿಸಿದೆವು. ಭಾರದ ಮನುಷ್ಯ. ತಿರುವಿನಲ್ಲೊಮ್ಮೆ, ಬೀದಿಯಲ್ಲೊಮ್ಮೆ ಕೆಳಗಿಟ್ಟು ಬಾಯಿಗೆ ಉಸಿರು ಊದಿದೆ. ಜಗಲಿ ಮುಟ್ಟಿ, ಔಷಧಿ ಸಿಂಪಡಿಸಿ, ಫೋನ್ ಮಾಡಿದೆವು. ಅವನು ಏಳಲಿಲ್ಲ.

ಒಬ್ಬಳು ಓಡಿಹೋಗಿ ಆ ಔಷಧಿ ತರಬಹುದಿತ್ತು. ಇಬ್ಬರಿಗೂ ಹೊಳೆಯಲಿಲ್ಲ. ನಮಗೆ ರೂಢಿಯಿದ್ದದ್ದು ಮನುಷ್ಯನನ್ನು ಒಯ್ಯುವುದು.

ಪೊಲೀಸಿನವನು ಹೆಸರು ಬರೆದುಕೊಂಡ. "ನಿಮ್ಮ ಮೇಲೇನೂ ಕೇಸಿಲ್ಲಮ್ಮ, ಹೆದರ್ಕೋಬೇಡಿ. ಕಾನೂನಿದೆ," ಎಂದ. ವರದಿಯಲ್ಲಿ ಬಿದ್ದ ಸ್ಥಳವೆಂದು ವರ್ಲಿನ್‌ನ ವಿಳಾಸವಿದೆ. ನನ್ನ ಮನೆ ಉಳಿಯಿತು. ನಲ್ಲಿಯನ್ನು ಅವನು ಪೂರ್ತಿ ಸರಿಮಾಡಿಯೇ ಬಚ್ಚಲಿಗೆ ಹೋಗಿದ್ದ.