ಕಾರ್ಡಿನ ಅಡಿಯಲ್ಲಿದ್ದ ವರ್ಷ

ಕಲ್ಲಾಮೆ ಬೆಂಗಳೂರಿಗೆ ಯಾವ ವರ್ಷ ಬಂತು ಎಂಬ ಪ್ರಶ್ನೆಗೆ ನನ್ನಲ್ಲಿ ಇಂದಿಗೂ ಖಚಿತವಾದ ಉತ್ತರವಿಲ್ಲ. ಶಾಸನಗಳ ಕಾಲನಿರ್ಣಯವನ್ನೇ ಉದ್ಯೋಗ ಮಾಡಿಕೊಂಡು ನಿವೃತ್ತನಾದವನಿಗೆ ಇದು ಸಣ್ಣ ಕಿರಿಕಿರಿಯಲ್ಲ.

ಕಲ್ಲಾಮೆ ಎಂಬುದು ಪ್ರಾಣಿಯಲ್ಲ, ಅಂಗೈಯಗಲದ ಒಂದು ಕಾರ್ಡು. ಪ್ಯಾಕೆಟ್ಟುಗಳಲ್ಲಿ ಕೊಂಡು, ಗೆಳೆಯರೊಡನೆ ಬದಲಾಯಿಸಿಕೊಂಡು, ತಮಗೆ ಬೇಕಾದಂತೆ ಕಟ್ಟು ಹೊಂದಿಸಿ ಎದುರಾಳಿಯೊಡನೆ ಆಡುವ ವಿದೇಶಿ ಆಟವೊಂದರ ಕಾರ್ಡು. ಎರಡು ಸಾವಿರದ ಮೊದಲ ದಶಕದಲ್ಲಿ ಆ ಆಟ ನಮ್ಮ ಕಡೆಯ ಬಡಾವಣೆಗಳಲ್ಲಿ ಹಬ್ಬಿತ್ತು. ನನ್ನ ತಂಗಿಯ ಮಗಳು ಅದಕ್ಕೆ ಮನಸೋತಿದ್ದಳು. ಬ್ಯಾಂಕಿನಲ್ಲಿ ಕೆಲಸ, ರಾಜಾಜಿನಗರದಲ್ಲಿ ಮನೆ. ಭಾನುವಾರ ಬಂತೆಂದರೆ ವಿಜಯನಗರದ ಒಂದು ದರ್ಶಿನಿಯ ಮಹಡಿಯಲ್ಲಿ ಆಟ. ಅವಳ ಕಟ್ಟು ನಿಂತಿದ್ದೇ ಕಲ್ಲಾಮೆಯ ಮೇಲೆ. ಅದು ದಾಳಿ ಮಾಡದೆ, ಹೊಡೆತಗಳನ್ನೆಲ್ಲ ತಾಳಿಕೊಂಡು ಎದುರಾಳಿಯನ್ನು ದಣಿಸುವ ಕಾರ್ಡು. ಅಲ್ಲಿನ ಹುಡುಗರಿಗೆ ಅದೊಂದು ತಮಾಷೆ.

"ಏನ್ ಆಂಟಿ, ಇವತ್ತೂ ಆಮೇನೇ ತಂದ್ರಾ? ನಿಮ್ ಜೊತೆ ಆಡೋಕೆ ಊಟ ಕಟ್ಕೊಂಡೇ ಬರ್ಬೇಕು!"

"ಆಂಟಿ ನಿಮ್ಮಜ್ಜಿ. ಕೂತ್ಕೊಳೋ, ಸೋಲೋಕೆ ಏನವಸರ ನಿಂಗೆ?" ಎಂದು ಅವಳು ಕಾರ್ಡು ಕಲೆಸುತ್ತಿದ್ದಳು.

ಅವರೆಲ್ಲ ಸೇರಿ ಆಟದ ಬಗ್ಗೆ ಕನ್ನಡದಲ್ಲೇ ಒಂದು ವಿಕಿ ಕಟ್ಟಿದ್ದರು. ಯಾರು ಬೇಕಾದರೂ ಬರೆದು, ಯಾರು ಬೇಕಾದರೂ ತಿದ್ದಬಹುದಾದ ಜಾಲತಾಣ ಅದು. ಒಂದು ಸಂಜೆ ಬಸವೇಶ್ವರನಗರದ ನಮ್ಮ ಮನೆಗೆ ಬಂದ ತಂಗಿಯ ಮಗಳು ನನ್ನ ಕಂಪ್ಯೂಟರಿನಲ್ಲಿ ಅದನ್ನು ತೆರೆದು, "ಮಾವ, ಇದಕ್ಕೊಂದು ಬರವಣಿಗೆಯ ನಿಯಮ ಮಾಡಿಕೊಡಿ. ಒಬ್ಬೊಬ್ರು ಒಂದೊಂದ್ ಥರ ಬರೀತಾರೆ" ಎಂದಳು. ನಾನು ಓದಿದ ಮೊದಲ ಪುಟದಲ್ಲಿ, ಕಾರ್ಡಿನ ಶಕ್ತಿಯನ್ನು ವಿವರಿಸಬೇಕಾದ ಜಾಗದಲ್ಲಿ, "ಇದು ಕೈಗೆ ಬಂದ್ರೆ ಮುಗೀತು ಗುರು, ಎದುರಿನವ್ನು ಮನೆಗೆ ಹೋಗ್ಬಹುದು" ಎಂದಿತ್ತು. ಇನ್ನೊಂದರಲ್ಲಿ "ಈ ಸರಣಿ ಕಳೆದ ವರ್ಷ ಬಿಡುಗಡೆಯಾಯಿತು" ಎಂಬ ವಾಕ್ಯ. ಯಾವ ವರ್ಷದಿಂದ ಎಣಿಸಿದರೆ ಕಳೆದ ವರ್ಷ? ಆ ವಾಕ್ಯ ಬರೆದವನ ಪಾಲಿಗೆ ಕಾಲ ಅಂದೇ ನಿಂತುಹೋಗಿತ್ತು. ಓದುವವನ ಪಾಲಿಗೆ ಅದು ಪ್ರತಿ ಜನವರಿಯಲ್ಲೂ ಹೊಸ ಸುಳ್ಳಾಗುತ್ತಿತ್ತು.

ನಾನು ನಿಯಮ ಬರೆದೆ. ಹೊಗಳಿಕೆ ಬೇಡ, "ಇತ್ತೀಚೆಗೆ", "ಹೋದ ವರ್ಷ" ಎಂಬ ಮಾತುಗಳು ಬೇಡ, ಪ್ರತಿಯೊಂದು ಕಾಲಸೂಚನೆಗೂ ಬೇರೆಯವರು ಪರಿಶೀಲಿಸಬಹುದಾದ ಆಧಾರವಿರಬೇಕು, ಯಾವ ಕಾರ್ಡಿನ ಮೇಲೆ ತನ್ನ ಕಟ್ಟು ನಿಂತಿದೆಯೋ ಅದರ ಪುಟವನ್ನು ಆ ಆಟಗಾರ ತಾನೇ ತಿದ್ದಕೂಡದು. ತಾಣದ ಮೇಲ್ವಿಚಾರಕ ಇವುಗಳನ್ನು ನನಗಿಂತ ಹೆಚ್ಚಿನ ಭಕ್ತಿಯಿಂದ ಒಪ್ಪಿಕೊಂಡ. ಮೂವತ್ತರ ಆಸುಪಾಸಿನ ಆತ ಕೈಗಾರಿಕಾ ಬಡಾವಣೆಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದ. ಬೇರೆ ದೊಡ್ಡ ತಾಣಗಳಲ್ಲಿ ಇರುವುದೆಂದು ಹೇಳಿ ತಾನೂ ಒಂದು ನಿಯಮ ಸೇರಿಸಿದ: "ಸ್ವಂತ ಸಂಶೋಧನೆಗೆ ಅವಕಾಶವಿಲ್ಲ." ಬೇರೆಡೆ ಅಚ್ಚಾಗಿರದೆ, ತಾವೇ ಕಂಡುಹಿಡಿದದ್ದನ್ನು ಬರೆಯಕೂಡದೆಂದು ಅದರರ್ಥ. ಊಹಾಪೋಹಗಳನ್ನು ತಡೆಯಲು ಒಳ್ಳೆಯದೇ ಎಂದು ನಾನೂ ತಲೆಯಾಡಿಸಿದೆ.

ಅದಾಗಿ ಕೆಲವು ತಿಂಗಳಲ್ಲಿ ವಿಜಯನಗರದ ಆಟಗಾರರು ಒಂದು ದೊಡ್ಡ ಸ್ಪರ್ಧೆ ಗೊತ್ತುಮಾಡಿದರು. ಹಳೆಯ ಕಾರ್ಡುಗಳದೇ ದರ್ಬಾರಾಗಬಾರದೆಂದು, ಇಂಥ ವರ್ಷಕ್ಕಿಂತ ಮೊದಲು ನಮ್ಮಲ್ಲಿ ಮಾರಾಟಕ್ಕೆ ಬಂದ ಸರಣಿಗಳಿಗೆ ಪ್ರವೇಶವಿಲ್ಲ ಎಂದು ಸಾರಿದರು. ಯಾವ ಸರಣಿ ಯಾವ ವರ್ಷದ್ದೆಂದು ತೀರ್ಮಾನಿಸಲು ಅವರು ನೋಡುವುದು ಇದೇ ವಿಕಿಯನ್ನು. ಕಲ್ಲಾಮೆ ಇದ್ದ ಎರಡನೆಯ ಸರಣಿಗೆ ಅಲ್ಲಿ ಕೊಟ್ಟಿದ್ದ ವರ್ಷದ ಪ್ರಕಾರ ಅದು ಒಂದೇ ಒಂದು ವರ್ಷದಿಂದ ಹೊರಗುಳಿಯುತ್ತಿತ್ತು. ತಂಗಿಯ ಮಗಳಿಗೆ ಬಳ್ಳಾರಿಗೆ ವರ್ಗವಾಗಿತ್ತು. ಸ್ಪರ್ಧೆಯ ಮರುವಾರವೇ ಹೋಗಿ ವರದಿ ಮಾಡಿಕೊಳ್ಳಬೇಕು. ಹಿಂದಿನ ಸ್ಪರ್ಧೆಯಲ್ಲಿ ಕೊನೆಯ ಪಂದ್ಯದವರೆಗೆ ಬಂದು ಸೋತವಳು. ಆ ಕಟ್ಟಿನಿಂದಲೇ ಗೆಲ್ಲಬೇಕೆಂಬ ಹಟಕ್ಕೆ ಇದ್ದದ್ದು ಇದೊಂದೇ ಅವಕಾಶ.

"ಅದು ತಪ್ಪು ವರ್ಷ ಮಾವ" ಎಂದಳು. "ಕಾರ್ಡ್ ಅಡೀಲಿ ಸಣ್ಣಕ್ಷರದಲ್ಲಿ ಇರತ್ತಲ್ಲ, ಅದನ್ನ ನೋಡಿ ಹಾಕಿದಾರೆ. ಅದು ಚಿತ್ರದ ಕಾಪಿರೈಟ್ ವರ್ಷ. ಇಲ್ಲಿಗೆ ಬಂದಿದ್ದು ಮಾರನೇ ವರ್ಷ."

"ನಿನಗೆ ಹೇಗೆ ಗೊತ್ತು?"

"ನಾನು ಕೆಲಸಕ್ಕೆ ಸೇರಿದ ವಾರ ಅಂಗಡಿಗೆ ಬಂತು. ಅವತ್ತೇ ತಗೊಂಡೆ."

"ನೇಮಕದ ಆದೇಶ ಇದೆಯೇ?"

ಅವಳು ನನ್ನ ಮುಖವನ್ನೇ ನೋಡಿದಳು. "ಇದೆ. ಅದ್ರಲ್ಲಿ ಆಮೆ ಬಗ್ಗೆ ಏನೂ ಬರ್ದಿಲ್ಲ."

ಅವಳ ವಾದದಲ್ಲಿ ಹುರುಳಿತ್ತು. ಶಾಸನಗಳಲ್ಲೂ ಈ ತೊಡಕಿದೆ. ಬರೆಸಿದವನು ಕೊಟ್ಟ ಶಕವರ್ಷ ಕಳೆದುಹೋದ ವರ್ಷವೋ, ನಡೆಯುತ್ತಿದ್ದ ವರ್ಷವೋ ಎಂದು ಸಂವತ್ಸರದ ಹೆಸರಿನೊಡನೆ ತಾಳೆ ನೋಡದೆ ಹೇಳಲಾಗದು. ಒಂದು ವರ್ಷದ ಅಂತರಕ್ಕಾಗಿ ವಿದ್ವಾಂಸರು ಮಾತು ಬಿಟ್ಟದ್ದನ್ನು ಕಂಡಿದ್ದೇನೆ. ಆದರೆ ಅಲ್ಲಿ ತಾಳೆ ನೋಡಲು ತಿಥಿ, ವಾರ, ಗ್ರಹಣಗಳಿರುತ್ತವೆ. ಕಲ್ಲಾಮೆಗೆ ಏನಿತ್ತು?

ಪ್ಯಾಕೆಟ್ಟಿನ ಹೊದಿಕೆಯಿತ್ತು. ನಮ್ಮ ದೇಶದಲ್ಲಿ ಬಿಸ್ಕತ್ತಿನಂತೆ ಕಾರ್ಡಿನ ಪ್ಯಾಕೆಟ್ಟಿಗೂ ಹಿಂಬದಿಯಲ್ಲಿ ಬೆಲೆಯನ್ನೂ ಕಟ್ಟಿದ ತಿಂಗಳು, ವರ್ಷಗಳನ್ನೂ ಒತ್ತಿರುತ್ತಾರೆ. ದರ್ಶಿನಿಯ ಮಹಡಿಗೆ ಹೋಗಿ ಎಲ್ಲರನ್ನೂ ವಿಚಾರಿಸಿದೆ. ಕಾರ್ಡುಗಳನ್ನು ಒಂದೊಂದಾಗಿ ಪ್ಲಾಸ್ಟಿಕ್ ಕವಚದೊಳಗಿಟ್ಟು, ಬೆರಳಿನ ಗುರುತೂ ತಾಗದಂತೆ ಕಾಪಾಡಿದ್ದ ಆ ಮಹನೀಯರಲ್ಲಿ ಒಬ್ಬನೂ ಹೊದಿಕೆಯನ್ನು ಉಳಿಸಿರಲಿಲ್ಲ.

"ಕವರ್ ಯಾರ್ ಇಟ್ಕೋತಾರೆ ಅಂಕಲ್? ಹಲ್ಲಲ್ಲಿ ಹರಿದು ಎಸೆಯೋದೇ!"

"ಮಚ್ಚಾ, ಬಾಳೆಹಣ್ಣಿನ ಸಿಪ್ಪೆ ಇಟ್ಟಿದೀಯಾ ಅಂತಾನೂ ಕೇಳ್ತಾರೆ ಈಗ" ಎಂದು ಹಿಂದಿನಿಂದ ಇನ್ನೊಬ್ಬ.

ತಿರುಗಿಬಂದು ಎರಡು ದಿನ ಒಳಗೊಳಗೇ ಗೊಣಗಿದೆ. ಆಧಾರವನ್ನು ಕಸದ ಬುಟ್ಟಿಗೆ ಹಾಕಿ, ಆಮೇಲೆ ವರ್ಷಕ್ಕಾಗಿ ಬಡಿದಾಡುವ ಜನ. ಆಮೇಲೆ ಮಾಗಡಿ ರಸ್ತೆಯ ಬಸ್ಸು ಹತ್ತಿ, ಸ್ಟೇಷನರಿ ಅಂಗಡಿ ಕಂಡಲ್ಲೆಲ್ಲ ಇಳಿದೆ. ಹೆಗ್ಗನಹಳ್ಳಿಯಲ್ಲಿ ಸಿಗಲಿಲ್ಲ. ಬ್ಯಾಡರಹಳ್ಳಿಯ ಒಂದು ಸಣ್ಣ ಅಂಗಡಿಯಲ್ಲಿ ಶಾಂಪೂ ಸರಗಳ ಪಕ್ಕ, ಬಿಸಿಲಿಗೆ ಬಣ್ಣ ಮಾಸಿದ ಎರಡನೆಯ ಸರಣಿಯ ಪ್ಯಾಕೆಟ್ಟುಗಳು ನೇತಾಡುತ್ತಿದ್ದವು.

"ಮೊಮ್ಮಗನಿಗಾ ಸಾರ್?" ಎಂದರು ಅಂಗಡಿಯಾಕೆ.

"ಅಲ್ಲ, ನನಗೇ."

"ಹಂಗಾ" ಎಂದವರು ಮುಂದೇನೂ ಕೇಳದೆ ಕತ್ತರಿಸಿ ಕೊಟ್ಟರು. ಹಿಂಬದಿಯಲ್ಲಿ ನೇರಳೆ ಶಾಯಿಯ ಮುದ್ರೆ ಸ್ಪಷ್ಟವಾಗಿತ್ತು: ಕಾರ್ಡಿನ ಅಡಿಯ ವರ್ಷವಲ್ಲ, ಅದರ ಮರುವರ್ಷ. ಹೊಲದ ನಡುವಿನ ಕಲ್ಲಿನ ಮಣ್ಣು ತೊಳೆದಾಗ ಅಕ್ಷರ ಮೂಡಿದರೆ ಆಗುವ ಸಂತೋಷ ಬಹುಕಾಲದ ಮೇಲೆ ಮತ್ತೆ ಆಯಿತು.

ಭಾನುವಾರ ದರ್ಶಿನಿಯ ಮಹಡಿಯಲ್ಲಿ ಪ್ಯಾಕೆಟ್ಟನ್ನು ಮೇಲ್ವಿಚಾರಕನ ಮುಂದಿಟ್ಟೆ. ಆತ ಕಾಫಿಯ ಲೋಟ ದೂರ ಸರಿಸಿ, ಅಂಚಿನಲ್ಲಿ ಹಿಡಿದು, ಬೆಳಕಿಗೊಡ್ಡಿ ನೋಡಿದ. ಅಷ್ಟು ಮರ್ಯಾದೆ ತೋರಿಸಿದ ಮೇಲೆ ಹೇಳಿದ: "ಇದನ್ನ ಹಾಕಕ್ಕಾಗಲ್ಲ ಸಾರ್. ಇದು ಸ್ವಂತ ಸಂಶೋಧನೆ."

ಸ್ವಂತ ಸಂಶೋಧನೆ ಮಾಡಿದ್ದಕ್ಕೆ ಸಂಬಳ ಪಡೆದವನು ನಾನು. ಅದೇ ಅಪರಾಧವೆಂದು ಈಗ ಮೊದಲ ಬಾರಿಗೆ ಕೇಳುತ್ತಿದ್ದೆ.

"ಹಾಗಾದರೆ ಕಾರ್ಡಿನ ಅಡಿಯ ವರ್ಷವನ್ನು ಬಿಡುಗಡೆಯ ವರ್ಷವೆಂದು ತಿಳಿದದ್ದು ಯಾರ ಸಂಶೋಧನೆ?"

"ಅದು ಪ್ರಿಂಟ್ ಆಗಿದೆ ಸಾರ್. ಯಾರ್ ಬೇಕಾದ್ರೂ ನೋಡ್ಬಹುದು. ಅಲ್ದೆ ಇನ್ನೊಂದ್ ಮಾತು, ಬೇಜಾರ್ ಮಾಡ್ಕೋಬೇಡಿ. ಇದು ಎರಡನೇ ಸಲ ಬಂದ ಮಾಲು ಇರ್ಬಹುದಲ್ವಾ? ಮೊದಲನೇ ಮಾಲು ಹಿಂದಿನ ವರ್ಷಾನೇ ಖರ್ಚಾಗಿರ್ಬಹುದು."

ಕೋಪ ನೆತ್ತಿಗೇರಿತು, ಏಕೆಂದರೆ ಪ್ರಶ್ನೆ ಸರಿಯಾಗಿತ್ತು. ಆ ಮುದ್ರೆಯಿಂದ ಸಾಬೀತಾಗುತ್ತಿದ್ದದ್ದು ಆ ಒಂದು ಪ್ಯಾಕೆಟ್ಟಿನ ವಯಸ್ಸು ಮಾತ್ರ. ಅದಕ್ಕಿಂತ ಮೊದಲು ಬೇರೆ ಪ್ಯಾಕೆಟ್ಟು ಮಾರಾಟವಾಗಿಲ್ಲವೆಂದು ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಆದರೂ ಬಿಡಲಿಲ್ಲ. ನನ್ನದು ಪೂರ್ಣ ಆಧಾರವಲ್ಲದಿದ್ದರೆ ಅವರದು ಆಧಾರವೇ ಅಲ್ಲ ಎಂದು ವಾದಿಸಿದೆ. ಪಕ್ಕದ ಮೇಜಿನವರು ಆಟ ನಿಲ್ಲಿಸಿ ಕೇಳತೊಡಗಿದರು. ಕೊನೆಗೆ ಆತ ಇದ್ದ ವರ್ಷವನ್ನು ಅಳಿಸಲು ಒಪ್ಪಿದ. ನನ್ನ ವರ್ಷವನ್ನು ಬರೆಯಲು ಒಪ್ಪಲಿಲ್ಲ. ಪುಟದಲ್ಲಿ ಉಳಿದದ್ದು: "ಬಿಡುಗಡೆಯ ವರ್ಷ: ಖಚಿತವಿಲ್ಲ."

ಅಂದು ಮೆಟ್ಟಿಲಿಳಿಯುವಾಗ ತಂಗಿಯ ಮಗಳು ನನ್ನ ತೋಳು ಹಿಡಿದು ನಿಲ್ಲಿಸಿದಳು.

"ಮಾವ, ಸ್ಪರ್ಧೆ ನಡೆಸೋರು ನಿಮ್ ಮಾತು ಕೇಳ್ತಾರೆ. ನಾನು ಪರಿಶೀಲಿಸಿದೀನಿ, ಮಾರನೇ ವರ್ಷಾನೇ ಅಂತ ಒಂದ್ ಮಾತು ಹೇಳಿ, ಸಾಕು."

"ಪರಿಶೀಲಿಸಿದ್ದೇನೆ. ಆದರೆ ತೀರ್ಮಾನವಾಗಿಲ್ಲವಲ್ಲ."

"ನಾನು ಸುಳ್ಳು ಹೇಳ್ತಿದೀನಿ ಅಂತಾನಾ?"

"ಇಲ್ಲ ಕಣೇ, ನಿನ್ನದು ನಿಜವೆಂದೇ ನನಗನ್ನಿಸುತ್ತದೆ."

"ಅನ್ಸೋದನ್ನ ಹೇಳಕ್ಕೂ ಆಗಲ್ವಾ?"

ಆಗಲಿಲ್ಲ. ಅನ್ನಿಸಿದ್ದನ್ನು ಪರಿಶೀಲಿಸಿದ್ದೆಂದು ಹೇಳುವವರ ಬರಹಗಳನ್ನು ತಿದ್ದುವುದರಲ್ಲೇ ನನ್ನ ಆಯುಷ್ಯ ಸವೆದಿತ್ತು. ಅವಳು ತೋಳು ಬಿಟ್ಟಳು. ಮನೆಗೆ ಬಂದು ಊಟದ ಮುಂದೆ ಕುಳಿತು, ಮೇಲ್ವಿಚಾರಕನನ್ನೂ ವಿಕಿಯನ್ನೂ ಆ ಆಮೆಯನ್ನು ಚಿತ್ರಿಸಿದ ಪರದೇಶಿಯನ್ನೂ ಮನಸ್ಸಿನಲ್ಲೇ ಶಪಿಸಿದೆ.

ಸ್ಪರ್ಧೆಯ ದಿನ ನಾನೂ ಹೋಗಿದ್ದೆ. ಕಲ್ಯಾಣ ಮಂಟಪದ ಊಟದ ಹಾಲ್. ಉದ್ದನೆಯ ಮೇಜುಗಳ ಮೇಲೆ ಎಲೆಗಳ ಬದಲು ಕಾರ್ಡುಗಳು. ಬಾಗಿಲ ಬಳಿ ಕಟ್ಟುಗಳನ್ನು ತಪಾಸಣೆ ಮಾಡುತ್ತಿದ್ದವನು ಪುಟದ ಅಚ್ಚುಪ್ರತಿ ನೋಡಿ ತಲೆ ಕೆರೆದುಕೊಂಡ.

"ಖಚಿತವಿಲ್ಲ ಅಂತಿದೆ ಮೇಡಂ. ಖಚಿತ ಇಲ್ದೆ ಬಿಡಕ್ಕಾಗಲ್ಲ."

"ಹೋದ್ ವಾರ ವರ್ಷ ಹಳೇದು ಅಂತ ಬಿಡ್ತಿರ್ಲಿಲ್ಲ, ಈ ವಾರ ವರ್ಷಾನೇ ಇಲ್ಲ ಅಂತ ಬಿಡಲ್ಲ. ಅಲ್ವಾ?"

"ನಾನೇನ್ ಮಾಡ್ಲಿ ಮೇಡಂ? ಹಂಗೆ ಬರ್ಸಿರೋದು ನಿಮ್ ಮಾವಾನೇ ಅಲ್ವಾ?"

ಅವಳು ನನ್ನ ಕಡೆ ನೋಡಲಿಲ್ಲ. ಕಲ್ಲಾಮೆಗಳನ್ನು ಕಟ್ಟಿನಿಂದ ಹೊರತೆಗೆದು ಕೈಚೀಲಕ್ಕೆ ಹಾಕಿಕೊಂಡಳು. "ಆಂಟಿ" ಎಂದು ಕಾಡುತ್ತಿದ್ದ ಹುಡುಗರಲ್ಲೊಬ್ಬ ತನ್ನ ಕೆಲವು ಕಾರ್ಡುಗಳನ್ನು ಮೇಜಿನ ಮೇಲೆ ಅವಳ ಮುಂದಿಟ್ಟ. ಆ ದಾಳಿಕೋರ ಕಾರ್ಡುಗಳೊಡನೆ ಅವಳಿಗೆ ಆಡಲು ಬರುತ್ತಿರಲಿಲ್ಲ. ಎರಡನೆಯ ಪಂದ್ಯದಲ್ಲೇ ಸೋತಳು.

ಬಸ್ ನಿಲ್ದಾಣದಲ್ಲಿ ಇಬ್ಬರೂ ಬಸ್ಸಿಗೆ ಕಾಯುತ್ತ ನಿಂತಿದ್ದೆವು. ಬಳ್ಳಾರಿಯಲ್ಲಿ ಈ ಆಟ ಆಡುವವರಿದ್ದಾರೆಯೇ ಎಂದು ಕೇಳಿದೆ. ಗೊತ್ತಿಲ್ಲ ಎಂದಳು. ಆಮೇಲೆ, ನನ್ನನ್ನು ಸಮಾಧಾನಪಡಿಸಲೋ ಚುಚ್ಚಲೋ ತಿಳಿಯದಂತೆ, ಹೇಳಿದಳು:

"ಪುಟ ಹಾಗೇ ಇರ್ಲಿ ಬಿಡಿ ಮಾವ. ನೀವು ಸರಿಯಾಗೇ ಬರ್ಸಿದೀರ. ಆದ್ರೆ ಅದು ಮಾರನೇ ವರ್ಷಾನೇ ಬಂದಿದ್ದು. ಅಂಗಡಿ ಮುಂದೆ ಹೊಸಾ ಸೀರೆ ಉಟ್ಕೊಂಡು ನಿಂತಿದ್ದೆ, ನಂಗ್ ಗೊತ್ತು."

ಆ ಸೀರೆ ಕೊಂಡದ್ದು ಯಾವಾಗ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವಳ ಕಡೆ ನೋಡಿದೆ. ರಾಜಾಜಿನಗರದ ಬಸ್ಸು ಬಂತು, ಅವಳು ಹತ್ತಿಹೋದಳು.