ಮೂರನೆಯ ಬಾತು

ಚಳಿಗಾಲ ಬಂತೆಂದರೆ ಅವನ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಒಂದೆಳೆ ಬಿಳಿ ತುಪ್ಪಳ ಯಾವಾಗಲೂ ಸಿಕ್ಕಿಕೊಂಡಿರುತ್ತಿತ್ತು. ತೊಳೆದರೂ ಹೋಗುತ್ತಿರಲಿಲ್ಲವೋ, ಅವನು ತೊಳೆಯುತ್ತಲೇ ಇರಲಿಲ್ಲವೋ ಗೊತ್ತಿಲ್ಲ. ಬಲಗಿವಿ ಪೂರ್ತಿ ಕಿವುಡು. ಐವತ್ತು ವರ್ಷ ಬಂದೂಕಿನ ಪಕ್ಕ ಇದ್ದ ಕಿವಿ, ಇನ್ನೇನಾದೀತು. ಅವನನ್ನು ಮಾತಾಡಿಸಬೇಕಾದರೆ ಎಡಗಡೆಗೆ ಹೋಗಿ ನಿಲ್ಲಬೇಕಿತ್ತು.

ನಗೋಯಾದಿಂದ ಆಚೆ, ಸಮುದ್ರದ ಕಡೆ ಒಂದು ಸಣ್ಣ ಊರು. ಅಲ್ಲಿ ನನ್ನ ಮಗಳ ಬಾಡಿಗೆ ಮನೆಯ ಎದುರಿಗೇ ಅವನ ಮನೆ. ಅಳಿಯ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರು. ಮಗಳ ಎರಡನೇ ಬಾಣಂತನಕ್ಕೆಂದು ಮೂರು ತಿಂಗಳಿಗೆ ಹೋದವಳು ನಾನು. ಕೊರೊನಾ ಬಂದು ವಿಮಾನ ನಿಂತವು, ಎರಡು ವರ್ಷಕ್ಕೂ ಹೆಚ್ಚು ಅಲ್ಲೇ ಕೂತೆ. ಅಷ್ಟು ದಿನದಲ್ಲಿ ನನಗೆ ಸರೀಕ ಅಂತ ಸಿಕ್ಕಿದ್ದು ಅವನೊಬ್ಬನೇ. ನಾನು ಮುದುಕಪ್ಪ ಅನ್ನುತ್ತಿದ್ದೆ, ಅವನು ಒಬಾಸಾನ್ ಅನ್ನುತ್ತಿದ್ದ. ಅಜ್ಜಿ ಅಂತ ಅರ್ಥವಂತೆ. ನನಗಿಂತ ಎಂಟು ವರ್ಷಕ್ಕೆ ದೊಡ್ಡವನು ನನ್ನನ್ನು ಅಜ್ಜಿ ಅನ್ನುವುದು.

ಮೊದಲ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವನ ಸೂರಿನ ಕೆಳಗೆ ಎರಡು ಕಾಡುಬಾತು ಕುತ್ತಿಗೆ ಕಟ್ಟಿ ತೂಗುತ್ತಿದ್ದವು. ನಾನು ಕೆರೆ ದಂಡೆಯ ಬೆಸ್ತರ ಮಗಳು. ನಮ್ಮಪ್ಪ ಮೀನಿನ ಜೊತೆಗೆ ನೀರುಹಕ್ಕಿಯನ್ನೂ ಹಿಡಿಯುತ್ತಿದ್ದ. ಮಗಳ ಮನೆಯಲ್ಲಿ ಕೋಳಿ ಅಂದರೆ ಪ್ಲಾಸ್ಟಿಕ್ ತಟ್ಟೆಯಲ್ಲಿ ಬರುವ ಬೆಳ್ಳನೆಯ ತುಂಡು. ಪುಕ್ಕದ ವಾಸನೆಗೆ ಕಾಲು ತಾನೇ ನಿಂತಿತು. ನಾನು ದೂರು ಹೇಳಲು ನಿಂತಿದ್ದೇನೆ ಅಂದುಕೊಂಡು ಅವನು ಹೊರಗೆ ಬಂದು, ಸುಮಿಮಾಸೆನ್, ತಪ್ಪಾಯಿತು, ಅಂತ ಬಗ್ಗಿದ. ನಾನು ಎರಡು ಕೈಯಲ್ಲಿ ಪುಕ್ಕ ಕೀಳುವ ಹಾಗೆ ಮಾಡಿ ತೋರಿಸಿದೆ. ಒಂದು ಬಾತು ಬಿಚ್ಚಿ ಕೈಗೆ ಕೊಟ್ಟ.

ಅಲ್ಲೇ ನಾನು ತಪ್ಪಿದ್ದು. ಊರಲ್ಲಿ ಮಾಡುವ ಹಾಗೆ ಕುದಿನೀರಲ್ಲಿ ಅದ್ದಿ ಪುಕ್ಕ ಕಿತ್ತು, ಅರಿಶಿನ ಬಳಿದು, ಗ್ಯಾಸ್ ಉರಿಯಲ್ಲಿ ಸುಟ್ಟೆ. ಮನೆಯ ಹೊಗೆಗಂಟೆ ಕೂಗಿಕೊಂಡಿತು. ಓಡಿ ಬಂದ ಮುದುಕಪ್ಪ ಅರಿಶಿನದ ಬಾತನ್ನು ನೋಡಿ, ಸತ್ತವರ ಮನೆಗೆ ಬಂದವನ ಹಾಗೆ ನಿಂತ. “ದಮೆ, ದಮೆ,” ಅಂದ. ಕೂಡದು ಅಂತ.

“ಬಿಸಿನೀರು ಹಾಕಿದ್ರೆ ಕೊಬ್ಬೆಲ್ಲಾ ಹಾಳಾಗತ್ತಂತೆ ಅಮ್ಮ. ಡ್ರೈ ಆಗೇ ಕೀಳ್ಬೇಕಂತೆ,” ಮಗಳು ಹೇಳಿದಳು.

“ಹಂಗಾರೆ ಅವನ ಹೆಂಡ್ತಿ ಕೈಲಿ ಕೀಳಿಸ್ಕಳ್ಳಿ ಅನ್ನು.”

ಮಗಳು ಅದನ್ನು ಅವನಿಗೆ ಹೇಳಲಿಲ್ಲ. “ಅವರ ವೈಫ್ ವೃದ್ಧಾಶ್ರಮದಲ್ಲಿದ್ದಾರೆ ಅಮ್ಮ. ನೆನಪು ಹೋಗಿದೆ. ಕೊರೊನಾ ಬಂದಾಗಿಂದ ಒಳಗೆ ಯಾರನ್ನೂ ಬಿಡ್ತಿಲ್ಲ.”

ಆಮೇಲೆ ಅವನೇ ಕೂರಿಸಿಕೊಂಡು ಒಣಪುಕ್ಕ ಕೀಳುವುದು ಕಲಿಸಿದ. ಎದೆಯಿಂದ ಶುರು, ಮೂರು ಬೆರಳಲ್ಲಿ ಚಿಟಿಕೆಯಷ್ಟೇ, ಚರ್ಮ ಹರಿಯಬಾರದು. ಐವತ್ತು ವರ್ಷ ಅದು ಅವನ ಹೆಂಡತಿಯ ಕೆಲಸವಾಗಿತ್ತು.

ಭಾನುವಾರ ಆಶ್ರಮದ ಅಂಗಳದಲ್ಲಿ ನಿಂತು ಕಿಟಕಿ ಗಾಜಿನಿಂದ ಹತ್ತು ನಿಮಿಷ ನೋಡಲು ಬಿಡುತ್ತಿದ್ದರು. ಒಂದು ಸಲ ಮಗಳು ಅವನನ್ನು ಕಾರಿನಲ್ಲಿ ಕರೆದುಕೊಂಡು ಹೋದಾಗ ನಾನೂ ಹೋಗಿದ್ದೆ. ಆಯಮ್ಮ, ಅವನ ಹೆಂಡತಿ, ಕುರ್ಚಿಯಲ್ಲಿ ಗೊಂಬೆಯ ಹಾಗೆ ಕೂತಿದ್ದಳು. ಇವನನ್ನು ನೋಡಿದಳು, ಗೋಡೆಯನ್ನೂ ನೋಡಿದಳು, ಎರಡೂ ಒಂದೇ. ಇವನು ಚೀಲದಿಂದ ಹಸಿರು ತಲೆಯ ಗಂಡುಬಾತು ತೆಗೆದು ಗಾಜಿಗೆ ಒತ್ತಿ ಹಿಡಿದ. ಆಗ ಅವಳ ಮುಖ ಅಲ್ಲಾಡಲಿಲ್ಲ, ಮಡಿಲಲ್ಲಿದ್ದ ಬೆರಳು ಅಲ್ಲಾಡಿದವು. ಮೂರು ಬೆರಳು, ಚಿಟಿಕೆ, ಚಿಟಿಕೆ. ಕಂಬಳಿಯ ಜುಂಗು ಕೀಳುತ್ತಿದ್ದಳು. ಹತ್ತು ನಿಮಿಷವಾಯಿತು, ಪರದೆ ಎಳೆದರು.

ವಾಪಸು ಬರುವಾಗ ಅವನು ಹೇಳಿದ್ದನ್ನು ಮಗಳು ಹೇಳಿದಳು: “ಕೈಗೆ ಇನ್ನೂ ನೆನಪಿದೆ. ಸಾಯೋಕೆ ಮುಂಚೆ ಆ ಕೈ ಒಂದ್ಸಲ ಹಿಡ್ಕೊಂಡ್ರೆ ಸಾಕು.” ಬೇರೆ ಆಸೆ ಇದ್ದುದನ್ನು ನಾನು ಕಾಣೆ.

ಬೇಟೆಯಲ್ಲಿ ಅವನಿಗೊಂದು ಕಟ್ಟು ಇತ್ತು. ಗಾಯವಾದ ಹಕ್ಕಿ ಸಿಗುವ ತನಕ ಇನ್ನೊಂದು ಗುಂಡು ಹಾರಿಸುವಂತಿಲ್ಲ, ಮನೆಗೂ ಬರುವಂತಿಲ್ಲ. “ಕೊಂದರೆ ಹಕ್ಕಿ ನಿನ್ನದು. ಗಾಯ ಮಾಡಿ ಬಿಟ್ಟರೆ ನೀನೇ ಹಕ್ಕಿಯವನು,” ಅನ್ನುತ್ತಿದ್ದ. ಹುಡುಕಲು ನಾಯಿಯಿತ್ತಂತೆ, ಅದು ಸತ್ತಿತ್ತು. ಈಗ ಊರಾಚೆ, ಸಮುದ್ರದ ನೀರು ಏರಿಳಿಯುವ ಜೌಗಿನಲ್ಲಿ, ಬಿದಿರು ಕೋಲಿನಿಂದ ಜೊಂಡು ತಡಕುತ್ತಾ ತೊಡೆಮಟ್ಟದ ಕೆಸರಿನಲ್ಲಿ ತಾನೇ ತಿರುಗುತ್ತಿದ್ದ. “ಕೊಲ್ಲೋನಿಗೆ ಎಂಥ ನೇಮವೋ,” ಅಂದೆ ನಾನು. ಮಗಳು ಅದನ್ನೂ ಹೇಳಲಿಲ್ಲ.

ಎರಡನೆಯ ಚಳಿಗಾಲ, ಬೇಟೆಯ ಕಾಲ ಮುಗಿಯಲು ಒಂದು ವಾರವಿತ್ತು. ಅವನು ಕೆಸರಿಗೆ ಫೋನ್ ಒಯ್ಯುತ್ತಿರಲಿಲ್ಲ, ಹಾಗಾಗಿ ಆಶ್ರಮಕ್ಕೆ ಮಗಳ ನಂಬರನ್ನೂ ಕೊಟ್ಟಿದ್ದ. ಮಧ್ಯಾಹ್ನ ಊಟದ ಮೇಲೆ ಆ ಫೋನು ಬಂತು. ಆಯಮ್ಮನ ಉಸಿರು ಇಳಿಯುತ್ತಿದೆ, ಬೇಗ ಬಂದರೆ ಐದು ನಿಮಿಷ ಒಳಗೆ ಬಿಡುತ್ತೇವೆ ಅಂದರಂತೆ. ಮನೆಯಿಂದಲೇ ಕೆಲಸ ಮಾಡುತ್ತಿದ್ದ ಅಳಿಯನ ಕೈಗೆ ಮಗು ಕೊಟ್ಟು ಇಬ್ಬರೂ ಕಾರಿನಲ್ಲಿ ಜೌಗಿನ ಕಡೆ ಓಡಿದೆವು.

ಕಟ್ಟೆಯ ಮೇಲೆ ಅವನ ಬುಟ್ಟಿಯಿತ್ತು, ಬುಟ್ಟಿಯಲ್ಲಿ ಎರಡು ಬಾತು. ಅವನು ಬಂದೂಕು ಬೆನ್ನಿಗೆ ಹಾಕಿ ಜೊಂಡಿನಲ್ಲಿ ಕೋಲಾಡಿಸುತ್ತಿದ್ದ. ಮೂರನೆಯದಕ್ಕೆ ರೆಕ್ಕೆಗೆ ಏಟು ಬಿದ್ದು ಜೊಂಡಿಗೆ ನುಗ್ಗಿತ್ತು. ಮಗಳು ಕೂಗಿ ಹೇಳಿದಳು. ಕೇಳಿಸಿತು ಅವನಿಗೆ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಒಂದು ಬೆರಳೆತ್ತಿ ತೋರಿಸಿದ. ಒಂದು ಹಕ್ಕಿ ಇದೆ, ತಾಳಿ ಅಂತ. ಮತ್ತೆ ಕೋಲು ಹಾಕಿದ.

ನನಗೆ ಪಿತ್ತ ನೆತ್ತಿಗೇರಿತು. “ಲೋ ಮುದುಕಪ್ಪ, ಅಲ್ಲಿ ಹೆಂಡ್ತಿ ಸಾಯ್ತಾವ್ಳೆ, ಇಲ್ಲಿ ಹಕ್ಕಿ ಹುಡುಕ್ತಾ ನಿಂತಿದ್ದೀಯಲ್ಲೋ.” ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಇಳಿದೆ.

“ಅಮ್ಮ, ಆರ್ ಯು ಮ್ಯಾಡ್? ನೀರು ಐಸ್ ಥರ ಇದೆ.”

“ನೀನು ಬಾಯ್ಮುಚ್ಕೊಂಡು ನಾನು ಹೇಳಿದ್ದು ಹೇಳು. ನಾನು ಬೆಸ್ತರ ಮಗಳು, ಹಕ್ಕಿ ನಾನು ಹುಡುಕ್ತೀನಿ. ಸಿಗೋಗಂಟ ಮೇಲೆ ಬರಲ್ಲ. ಅವನು ಹೋಗಲಿ.”

ಮಗಳು ಹೇಳಿದಳು. ಅವನು ನನ್ನನ್ನು ಮೇಲಿಂದ ಕೆಳಗೆ ಅಳೆದ. ಕೋಲನ್ನು ಎರಡು ಕೈಯಲ್ಲಿ ಹಿಡಿದು ಕೊಟ್ಟು, ಬಗ್ಗಿ, ಹೋದ. ಕಾರು ಹೋಗಿದ್ದು ಕೇಳಿಸಿತು.

ಜೊಂಡಿನ ಒಂದು ಕಡ್ಡಿಯ ಮೇಲೆ ರಕ್ತವಿತ್ತು. ಒಂದು ಸಲ ಹತ್ತಿರದಲ್ಲೇ ಸರಸರ ಅಂದಿತು. ಅಷ್ಟೇ. ಸಮುದ್ರ ಏರತೊಡಗಿತು, ಮೊಣಕಾಲಿಗಿದ್ದ ನೀರು ತೊಡೆಗೆ ಬಂತು, ಕಾಲು ಇದೆಯೋ ಇಲ್ಲವೋ ತಿಳಿಯದಾಯಿತು. ನಮ್ಮಪ್ಪನಾಗಿದ್ದರೆ ಹಿಡಿಯುತ್ತಿದ್ದ. ನಾನು ಮೇಲೆ ಬಂದೆ. ಬರಿಗೈಯಲ್ಲಿ.

ಅವನದೂ ಬರಿಗೈಯೇ. ಬಂದೂಕನ್ನು ಇನ್ನೊಬ್ಬರ ವಶಕ್ಕೆ ಕೊಡುವ ಹಾಗಿಲ್ಲ ಅಲ್ಲಿ. ದಾರಿಯಲ್ಲಿ ಮನೆಗೆ ಹೋಗಿ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದ. ಆಶ್ರಮದ ಬಾಗಿಲಲ್ಲಿ ಹಣೆಗೆ ಯಂತ್ರ ಹಿಡಿದರು. ಓಡಿ ಬಂದವನ ಮೈ ಬಿಸಿ, ಜ್ವರವೆಂದು ತೋರಿಸಿತು. ಕಾಲು ಗಂಟೆ ಕೂತಿರಿ, ಇನ್ನೊಮ್ಮೆ ನೋಡೋಣ ಅಂದರು. ಕೆಸರು ಬಟ್ಟೆಯಲ್ಲೇ ಬಾಗಿಲ ಹೊರಗೆ ಕೂತ. ಎರಡನೇ ಸಲ ಯಂತ್ರ ಸರಿ ತೋರಿಸುವ ಹೊತ್ತಿಗೆ ಆಯಮ್ಮ ಹೋಗಿಯಾಗಿತ್ತು. ಸತ್ತ ಮೇಲೆ ಮುಟ್ಟುವ ಹಾಗೂ ಇಲ್ಲವಂತೆ, ಕಿಟಕಿಯ ಪರದೆ ಸರಿಸಿದರು. ಮತ್ತದೇ ಗಾಜು. ಕೆಲಸದ ಹೆಣ್ಣುಮಕ್ಕಳೂ ಅತ್ತರು ಅಂದಳು ಮಗಳು. ಅವರನ್ನು ಬೈದು ಏನು ಬಂತು.

ಸಂಜೆ ಅವನು ನಮ್ಮ ಬಾಗಿಲಿಗೆ ಬಂದ. ಮೊದಲು ಕೇಳಿದ್ದು ಒಂದೇ ಮಾತು. “ಕಾಮೊ?” ಬಾತು ಸಿಕ್ಕಿತಾ ಅಂತ.

ನಾನು ಹೂಂ ಅಂತ ತಲೆಯಾಡಿಸಿದೆ. ಒಲೆಯ ಮೇಲಿನ ಪಾತ್ರೆ ತೋರಿಸಿದೆ. ಕಟ್ಟೆಯಿಂದ ತಂದ ಬುಟ್ಟಿಯಲ್ಲಿದ್ದ ಎರಡರಲ್ಲಿ ಒಂದನ್ನು ಅವನು ಕಲಿಸಿದ ಹಾಗೆ ಒಣಗೇ ಕಿತ್ತು ಬೇಯಿಸಿದ್ದೆ, ಇನ್ನೊಂದನ್ನು ಬುಟ್ಟಿಯಲ್ಲೇ ಅವನ ಬಾಗಿಲಲ್ಲಿಟ್ಟಿದ್ದೆ. ಅವನು ನೆಲಕ್ಕೆ ಹಣೆ ಹಚ್ಚಿದ. ಒಂದು ಬಟ್ಟಲು ಸಾರು ಪೂರ್ತಿ ಕುಡಿದ. ಸುಳ್ಳು ಹೇಳಿ ಅಭ್ಯಾಸವಿಲ್ಲದವಳಲ್ಲ ನಾನು, ಆದರೆ ಅಷ್ಟು ಭಾರದ ಸುಳ್ಳು ಅದೇ ಮೊದಲು.

ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ನೋಡಿದೆ. ನಾನು ಮರಳಿಸಿದ್ದ ಬಾತನ್ನು ಅವನು ಸೂರಿಗೆ ಕಟ್ಟಿದ್ದ. ಎರಡಿರಬೇಕಾದಲ್ಲಿ ಒಂದು ತೂಗುತ್ತಿತ್ತು. ಅದರ ಮುಂದೆ ತುಂಬಾ ಹೊತ್ತು ನಿಂತ. ಆಮೇಲೆ ನಮ್ಮ ಕಿಟಕಿಯ ಕಡೆ ತಿರುಗಿದ. ನಾನು ಅಡಗಿಕೊಳ್ಳಲಿಲ್ಲ. ದಿನಾ ಬಗ್ಗುವಷ್ಟೇ ಬಗ್ಗಿ, ಬಿದಿರು ಕೋಲು ತೆಗೆದುಕೊಂಡು ಹೊರಟ. ಬಂದೂಕಿಲ್ಲದೆ. ಹೆಂಡತಿಯ ಬೂದಿ ಮನೆಗೆ ಬಂದ ದಿನವೂ ಹೋದ. ಬೇಟೆಯ ಕಾಲ ಮುಗಿದ ಮೇಲೂ, ನೀರಿಳಿದಾಗೆಲ್ಲ ಹೋಗುತ್ತಿದ್ದ. ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಬೇಸಿಗೆಗೆ ಬಂದೂಕನ್ನು ಪೊಲೀಸರಿಗೆ ಒಪ್ಪಿಸಿಬಿಟ್ಟ. ನಾನು ಊರಿಗೆ ಬಂದೆ. ಮರುಚಳಿಗೆ ಮಗಳು ಫೋನ್ ಮಾಡಿ, “ಮುದುಕಪ್ಪ ಹೋಗ್ಬಿಟ್ರು ಅಮ್ಮ,” ಅಂದಳು. ಕೋಲು ಬಾಗಿಲಿಗೆ ಒರಗಿಕೊಂಡೇ ಇತ್ತಂತೆ, ತುದಿಗೆ ಕೆಸರು ಹತ್ತಿಕೊಂಡು.

ಕೇಳಿದ್ದರೆ ಹೇಳಿಬಿಡುತ್ತಿದ್ದೆ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಎರಡಕ್ಕೂ ಅವನು ಎಡೆ ಕೊಡಲಿಲ್ಲ. ಗಾಯ ಮಾಡಿದವನು ಅವನೇ, ಆದರೆ ಸಿಗುವ ತನಕ ಮೇಲೆ ಬರುವುದಿಲ್ಲವೆಂದು ಕೋಲು ಇಸಿದುಕೊಂಡವಳು ನಾನು. ಅವನ ಮಾತಿನ ಪ್ರಕಾರ, ನಾನೀಗ ಆ ಹಕ್ಕಿಯವಳು.